ಹಳೆಯ ವೆಲ್ಡಿಂಗ್ ಯಂತ್ರ, ಮನೆಯ ವಿದ್ಯುತ್ತು: ಮೀರಬಾರದ ಮಿತಿಗಳು

ಜೂರಾಲ ಅಣೆಕಟ್ಟಿನ ವಿದ್ಯುದಾಗಾರದಲ್ಲಿ ತಲಾ 39 ಮೆಗಾವ್ಯಾಟ್ ಸಾಮರ್ಥ್ಯದ ಆರು ಘಟಕಗಳಿವೆ. ಆದರೂ ಸುತ್ತಲಿನ ಮಕ್ತಲ್, ಗದ್ವಾಲ, ನಾರಾಯಣಪೇಟೆಯ ಮನೆಗಳಿಗೆ ಸಲ್ಲುವುದು ಮಂಜೂರಾದ ಭಾರದಷ್ಟು ವಿದ್ಯುತ್ತು ಮಾತ್ರ. ನೇಗಿಲು, ಟ್ರಾಲಿ, ಕಿಟಕಿ ಸರಳುಗಳ ದುರಸ್ತಿಗೆಂದು ಅಗ್ಗಕ್ಕೆ ಕೊಂಡ ಹಳೆಯ ವೆಲ್ಡಿಂಗ್ ಯಂತ್ರವು ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ.

ಲೆಕ್ಕ ಸರಳ. ಇಂಥ ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 80 ವೋಲ್ಟಿಗೆ ಇಳಿಸುತ್ತದೆ. ಕಡ್ಡಿಯ ತುದಿಯಲ್ಲಿ 100 ಆಂಪಿಯರ್ ಹರಿಯಬೇಕಾದರೆ ಮನೆಯ ತಂತಿಯಿಂದ ಅದು ಸುಮಾರು 35 ಆಂಪಿಯರ್ ಸೆಳೆಯುತ್ತದೆ. ಮನೆಯ ದೊಡ್ಡ ಪ್ಲಗ್ಗಿನ ಸಾಮರ್ಥ್ಯ 16 ಆಂಪಿಯರ್ ಮಾತ್ರ. ಫ್ಯೂಸ್ ಸುಡುತ್ತದೆಂದು ದಪ್ಪ ತಂತಿ ಸುತ್ತಿದರೆ, ಫ್ಯೂಸಿನ ಬದಲು ಗೋಡೆಯೊಳಗಿನ ತಂತಿಯೇ ಸುಡುತ್ತದೆ.

ಮೊದಲು ಯಂತ್ರದ ಫಲಕವನ್ನು ಓದಬೇಕು. ಅನೇಕ ಹಳೆಯ ಯಂತ್ರಗಳು ಎರಡು ಫೇಸ್‌ಗಳ ನಡುವಿನ 415 ವೋಲ್ಟಿಗೆ ತಯಾರಾದವು; ಅವು ಸಾಮಾನ್ಯ ಮನೆಯ ಸಂಪರ್ಕಕ್ಕೆ ಹೊಂದುವುದಿಲ್ಲ. 230 ವೋಲ್ಟಿನ ಯಂತ್ರವಾದರೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ತಾಮ್ರದ ತಂತಿ, ಅದಕ್ಕೆ ತಕ್ಕ ಎಂಸಿಬಿ ಮತ್ತು ಸ್ವಿಚ್ ಬೇಕು. ಮೇಲಿನ ಲೆಕ್ಕದ ಯಂತ್ರಕ್ಕೆ 6 ಚದರ ಮಿಲಿಮೀಟರಿಗಿಂತ ಸಣ್ಣ ತಂತಿ ಸಲ್ಲದು. ದೂರ ಹೆಚ್ಚಿದರೆ ಇನ್ನೂ ದಪ್ಪನೆಯದು ಬೇಕು. ಬಿರುಕುಬಿಟ್ಟ ಕೇಬಲ್ ಬದಲಿಸಿ, ಒಳಸುರುಳಿಯ ನಿರೋಧವನ್ನು ಮೆಗ್ಗರಿನಿಂದ ಪರೀಕ್ಷಿಸಿಸಬೇಕು.

ಅತ್ಯಂತ ಅಪಾಯಕಾರಿ ತಪ್ಪುತಿಳಿವಳಿಕೆ ‘ಅರ್ತ್’ ಎಂಬ ಪದದಲ್ಲಿದೆ. ಕೆಲಸದ ಕಬ್ಬಿಣಕ್ಕೆ ಕಚ್ಚಿಸುವ ಇಕ್ಕಳವನ್ನು ರೂಢಿಯಲ್ಲಿ ಅರ್ತ್ ಎನ್ನುತ್ತಾರೆ. ಅದು ಪ್ರವಾಹ ಮರಳುವ ದಾರಿಯೇ ಹೊರತು ಯಂತ್ರದ ಮೈಗೆ ರಕ್ಷಣೆಯಲ್ಲ. ಒಳಸುರುಳಿ ಮೈಗೆ ತಗಲಿದರೆ ಕಾಪಾಡುವುದು ಕವಚದಿಂದ ಭೂಸಂಪರ್ಕದ ಗುಂಡಿಗೆ ಹೋಗುವ ಪ್ರತ್ಯೇಕ ತಂತಿ. ಅದಿಲ್ಲದ ಯಂತ್ರವನ್ನು ಮುಟ್ಟುವ ಮಗುವಿನ ಕೈಗೆ 230 ವೋಲ್ಟ್ ತಾಗಬಹುದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಇಂಥ ಸೋರಿಕೆಯಲ್ಲಿ ವಿದ್ಯುತ್ತು ಕ್ಷಣದಲ್ಲೇ ಕಡಿತಗೊಳ್ಳುತ್ತದೆ. ಆದರೆ ಕಡ್ಡಿಯ ಕಡೆಯ 80 ವೋಲ್ಟಿನಿಂದ ಅದು ಕಾಯದು. ಒದ್ದೆ ನೆಲದಲ್ಲಿ, ಬರಿಗೈಯಲ್ಲಿ ಬೆಸುಗೆ ಸಲ್ಲದು.

ಕಾನೂನಿನ ಮಿತಿಯೂ ಉಂಟು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಂತೆ ಅನಧಿಕೃತ ಬಳಕೆಗೆ ದುಪ್ಪಟ್ಟು ದರ ತೆರಬೇಕು. ಮಂಜೂರಾದ ಭಾರವನ್ನು ಮೀರುವುದೂ ಅನಧಿಕೃತ ಬಳಕೆಯೇ ಎಂದು ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು; ಆದರೆ ನಿಗದಿಯಾದ ಮೊತ್ತದ ಅರ್ಧವನ್ನು ಮೊದಲೇ ಕಟ್ಟಬೇಕು. ಕಂಬದ ತಂತಿಗೆ ಕೊಂಡಿ ಹಾಕುವುದಂತೂ 135ನೇ ಕಲಮಿನಡಿ ಕಳವು. ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಆದುದರಿಂದ ಮೊದಲ ಹೆಜ್ಜೆ ಸ್ಥಳೀಯ ವಿದ್ಯುತ್ ಕಚೇರಿಗೆ ಹೆಚ್ಚುವರಿ ಭಾರದ ಅರ್ಜಿ. ಕೂಲಿಗೆ ಬೆಸೆಯುವವರು ಪ್ರತ್ಯೇಕ ವರ್ಗದ ಸಂಪರ್ಕವನ್ನೇ ಕೇಳಬೇಕು. ಎರಡನೆಯದು ಪರವಾನಗಿಯುಳ್ಳ ಗುತ್ತಿಗೆದಾರರಿಂದ ತಂತಿ ಜೋಡಣೆ. ಇವೆರಡರ ಖರ್ಚು ಯಂತ್ರದ ಬೆಲೆಯನ್ನು ಮೀರುವುದಾದರೆ, ಆ ಯಂತ್ರ ಅಗ್ಗದ್ದಲ್ಲವೆಂದೇ ತಿಳಿಯಬೇಕು.