ಮಲಗಿದ್ದರೂ ಓಡುವ ಪದ!

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಕ್ರಿಯಾಪದ ಯಾವುದು? ಊಹಿಸಿ ನೋಡೋಣ!

'ಗೋ' ಅಂದಿರಾ? ಅಲ್ಲ. 'ಗೆಟ್'? ಅದೂ ಅಲ್ಲ! 'ಸೆಟ್' ಅಂದವರಿಗೆ ಅರ್ಧ ಅಂಕ. 1989ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟಗಳಲ್ಲಿ ಬಂದಾಗ ಪಟ್ಟದಲ್ಲಿ ಕೂತಿದ್ದದ್ದು ಅದೇ. ಸುಮಾರು 430 ಅರ್ಥ! ಅದೊಂದನ್ನು ವಿವರಿಸಲು ಹತ್ತಿರ ಹತ್ತಿರ 60,000 ಪದ! ಒಂದು ಕಾದಂಬರಿಯೇ ಆಯಿತಲ್ಲ!

ಆದರೆ ಆ ಪಟ್ಟ ಈಗ ಹೋಗಿದೆ. ಕಿತ್ತುಕೊಂಡದ್ದು ಮೂರೇ ಅಕ್ಷರದ ಪುಟಾಣಿ. ಕ್ರಿಕೆಟ್ ನೋಡುವಾಗ ನಿಮ್ಮ ಬಾಯಲ್ಲೂ ಬಂದಿರುತ್ತದೆ.

ರನ್!

ಓಡುವುದು, ಅಷ್ಟೇ ತಾನೆ ಅಂತೀರಾ? ತಡೆಯಿರಿ. ಮೂಗು ಸೋರಿದರೂ ರನ್. ಸೀರೆ ಬಣ್ಣ ಬಿಟ್ಟರೂ ರನ್. ಹೋಟೆಲ್ ನಡೆಸಿದರೂ ರನ್, ಪತ್ರಿಕೆಯಲ್ಲಿ ಸುದ್ದಿ ಹಾಕಿದರೂ ರನ್. ಬಂದೂಕು ಕದ್ದು ಸಾಗಿಸಿದರೂ ಅದೇ! ಬೇಲಿ ನೆಟ್ಟಲ್ಲೇ ನಿಂತಿರುತ್ತದೆ, ಆದರೂ ಹೊಲದುದ್ದಕ್ಕೂ 'ರನ್' ಆಗುತ್ತದೆ. ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದೀರಾ? ಇಂಗ್ಲಿಷಿನಲ್ಲಿ ನೀವು ಆಗಲೂ ಜ್ವರ 'ರನ್' ಮಾಡುತ್ತಿದ್ದೀರಿ!

ಇನ್ನೂ ಮಜಾ ಕೇಳಿ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ. ಬ್ರಿಟನ್ನಿನವನು ನಿಲ್ಲುತ್ತಾನೆ. ಒಂದೇ ಭಾಷೆ, ಒಂದೇ ಕೆಲಸ! ನಮ್ಮಲ್ಲೂ ನಿಲ್ಲುವುದೇ ರೂಢಿ. (ಗೆದ್ದ ಮೇಲೆ ಓಡುವುದು ಬೇರೆ ಮಾತು.)

ಬೇರು ಹುಡುಕಿದರೆ ಮತ್ತೊಂದು ಬೆರಗು. ಹಳೆಯ ಇಂಗ್ಲಿಷಿನಲ್ಲಿ ಇದು 'ರಿನ್ನನ್'. ಅದೇ ಕಾಲದಲ್ಲಿ 'ಇರ್ನನ್' ಕೂಡ! ರ ಹಿಂದೆ ಮುಂದೆ ಜಿಗಿದಾಡುತ್ತಿತ್ತು. ಅರ್ಥ? ಓಡುವುದೂ ಹೌದು, ನೀರು ಹರಿಯುವುದೂ ಹೌದು. ಜರ್ಮನಿನ ದಾಯಾದಿ 'ರಿನ್ನೆನ್' ಇಂದಿಗೂ ಹರಿಯುತ್ತಲೇ ಇದೆ. ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ 'ರೆನೆಟ್' ಕೂಡ ಇದೇ ವಂಶದ ಕುಡಿ!

ಈಗ ನಮ್ಮ ಹಳಗನ್ನಡದ 'ಪರಿ' ನೆನೆಯಿರಿ. ಅದಕ್ಕೂ ಓಡು, ಹರಿ ಎರಡೂ ಅರ್ಥ! ಯಾವ ನಂಟೂ ಇಲ್ಲದ ಎರಡು ಭಾಷೆಗಳು ಹೊಳೆಯಲ್ಲೂ ಕುದುರೆಯಲ್ಲೂ ಒಂದೇ ಚಲನೆ ಕಂಡಿವೆ. ನನಗಂತೂ ರೋಮಾಂಚನ!

ಸರಿ, ಒಟ್ಟು ಎಷ್ಟು ಅರ್ಥ? ನೂರು? ಮುನ್ನೂರು? ಇನ್ನೂ ಮೇಲೆ ಹೋಗಿ. ಆಕ್ಸ್‌ಫರ್ಡಿನ ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದೇ ಕ್ರಿಯಾಪದದ ಜೊತೆ ಒಂಬತ್ತು ತಿಂಗಳು ಕಳೆದರು. 2011ರಲ್ಲಿ ಲೆಕ್ಕ ಹೊರಬಿತ್ತು.

645!

ಅದೂ ಕ್ರಿಯಾಪದ ಮಾತ್ರ! ಕೊಹ್ಲಿ ಗಳಿಸುವ ರನ್ ನಾಮಪದ, ಈ ಲೆಕ್ಕಕ್ಕೇ ಸೇರಿಲ್ಲ!

ಇಷ್ಟೊಂದು ಹೇಗೆ? ಯಂತ್ರಗಳ ಕೈವಾಡ ದೊಡ್ಡದು. ಗಡಿಯಾರ ಬಂತು, ರೈಲು ಬಂತು, ಕಂಪ್ಯೂಟರ್ ಬಂತು. ಎಲ್ಲವೂ ಓಡಿದವು! ನಮ್ಮ ಸಿನಿಮಾ ಕೂಡ ನೂರು ದಿನ 'ಓಡು'ತ್ತದಲ್ಲ!

ಇನ್ನು ನಿಮ್ಮ ಸರದಿ. ನಮ್ಮ 'ಹೊಡೆ' ತೆಗೆದುಕೊಳ್ಳಿ. ಮೊಳೆ ಹೊಡೆ, ಬಣ್ಣ ಹೊಡೆ, ಈಜು ಹೊಡೆ, ನಿದ್ದೆ ಹೊಡೆ, ಹರಟೆ ಹೊಡೆ, ಪರೀಕ್ಷೆಯಲ್ಲಿ ಕಾಪಿ ಹೊಡೆ... ಪೆನ್ಸಿಲ್ ಹಿಡಿದು ಕೂತು ಮುಂದುವರಿಸಿ. ಐವತ್ತು ದಾಟಿದರೆ ನಮಗೂ ಬರೆದು ಕಳಿಸಿ!