ತುವಾಲು ದೇಶಕ್ಕೊಂದು ಕಂಟೇನರ್: ದೂರದ ದ್ವೀಪಕ್ಕೆ ಸರಕು ತಲುಪುವ ಬಗೆ

ಮುಂಬಯಿ, ಚೆನ್ನೈಗಳಂಥ ಬಂದರು ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಹಡಗು, ಗೋದಿ, ಕಸ್ಟಮ್ಸ್ ಎಂಬ ಮಾತುಗಳು ಅಪರಿಚಿತವಲ್ಲ. 1989ರಲ್ಲಿ ಆರಂಭವಾದ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಿಂದ ದುಬಾಯಿಗೋ ಸಿಂಗಾಪುರಕ್ಕೋ ಸರಕು ಕಳುಹಿಸುವುದು ನಿತ್ಯದ ವ್ಯವಹಾರ. ಆದರೆ ಭೂಪಟದಲ್ಲಿ ಹುಡುಕಿದರೂ ಕಣ್ಣಿಗೆ ಬೀಳದ ದ್ವೀಪರಾಷ್ಟ್ರವೊಂದಕ್ಕೆ ಸರಕು ತಲುಪಿಸುವುದು ಹೇಗೆ? ಶಾಂತಸಾಗರದ ತುವಾಲು ಇದಕ್ಕೆ ಒಳ್ಳೆಯ ನಿದರ್ಶನ.

1978ರಲ್ಲಿ ಸ್ವತಂತ್ರವಾದ ತುವಾಲು ಒಂಬತ್ತು ದ್ವೀಪಗಳ ದೇಶ. ಒಟ್ಟು ನೆಲ ಸುಮಾರು 26 ಚದರ ಕಿಲೋಮೀಟರ್. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ತೆಂಗು, ಮೀನುಗಳನ್ನು ಬಿಟ್ಟರೆ ಅಕ್ಕಿ, ಹಿಟ್ಟು, ಸಿಮೆಂಟು, ಇಂಧನಗಳೆಲ್ಲ ಹಡಗಿನಲ್ಲೇ ಬರಬೇಕು. ನದಿಗಳಿಲ್ಲದ ಕಾರಣ ಮಳೆಯ ನೀರೇ ಕುಡಿಯುವ ನೀರು. 2011ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರವು ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ಉಪ್ಪುನೀರನ್ನು ಸಿಹಿನೀರಾಗಿಸುವ ಯಂತ್ರಗಳು ಹೊರದೇಶಗಳಿಂದ ಬರಬೇಕಾಯಿತು. ಸರಕು ಸಾಗಣೆಯೆಂಬುದು ಅಲ್ಲಿ ವ್ಯಾಪಾರದ ವಿಷಯ ಮಾತ್ರವಲ್ಲ, ಜೀವನದ ಪ್ರಶ್ನೆಯೂ ಹೌದು.

ಭಾರತದಿಂದ ಅಲ್ಲಿಗೆ ನೇರ ಹಡಗಿಲ್ಲ. ನ್ಹಾವಾ ಶೇವಾದಿಂದ ಹೊರಟ ಕಂಟೇನರ್ ಸಾಮಾನ್ಯವಾಗಿ ಸಿಂಗಾಪುರ ಅಥವಾ ಮಲೇಶಿಯದ ಪೋರ್ಟ್ ಕ್ಲಾಂಗಿನಂಥ ದೊಡ್ಡ ಬಂದರಿನಲ್ಲಿ ಇಳಿದು, ಬೇರೊಂದು ಹಡಗೇರಿ ಫಿಜಿಯ ಸುವಾ ತಲುಪಬೇಕು. ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ಉತ್ತರಕ್ಕಿರುವ ರಾಜಧಾನಿ ಫುನಾಫುಟಿಗೆ ಚಿಕ್ಕ ಹಡಗೇ ಗತಿ. ದೊಡ್ಡ ಬಂದರುಗಳ ನಡುವೆ ಒಂದು ಹಡಗು ತಪ್ಪಿದರೆ ಕೆಲವೇ ದಿನಗಳಲ್ಲಿ ಮತ್ತೊಂದು ಸಿಕ್ಕೀತು. ಕೊನೆಯ ಹಂತದಲ್ಲಿ ತಪ್ಪಿದರೆ ವಾರಗಟ್ಟಲೆ ಕಾಯಬೇಕು. ಆದುದರಿಂದ ಅನುಭವಿಗಳು ಯೋಜನೆಯನ್ನು ಹಿಂದುಮುಂದಾಗಿ ಹೂಡುತ್ತಾರೆ: ಮೊದಲು ಸುವಾದಿಂದ ಹೊರಡುವ ಹಡಗಿನ ದಿನಾಂಕ ಗೊತ್ತುಪಡಿಸಿಕೊಂಡು, ಅದಕ್ಕೆ ಸಾಕಷ್ಟು ಮುಂಚೆ ಸರಕು ಅಲ್ಲಿರುವಂತೆ ಮುಂಬಯಿಯ ದಿನವನ್ನು ನಿಶ್ಚಯಿಸುತ್ತಾರೆ.

ಈ ಕೊಂಡಿಗಳನ್ನೆಲ್ಲ ಬೆಸೆಯುವವರು ಫ್ರೈಟ್ ಫಾರ್ವರ್ಡರುಗಳು. ಇಪ್ಪತ್ತು ಅಡಿಯ ಕಂಟೇನರಿನ ಒಳಗಾತ್ರ ಸುಮಾರು 33 ಘನಮೀಟರ್. ಅಷ್ಟು ಸರಕಿಲ್ಲದಿದ್ದರೆ ಇತರರ ಸರಕಿನೊಡನೆ ಪಾಲು ಕಂಟೇನರಿನಲ್ಲಿ ಕಳುಹಿಸಬಹುದು. ಆಗ ಒಂದು ಘನಮೀಟರನ್ನು ಒಂದು ಟನ್ನಿಗೆ ಸಮವೆಂದೆಣಿಸಿ, ಗಾತ್ರ, ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ವಿಧಿಸುವುದು ವಾಡಿಕೆ. ಆದರೆ ಪಾಲಿನ ಸರಕನ್ನು ದಾರಿಯಲ್ಲಿ ಬಿಚ್ಚಿ, ಬೇರ್ಪಡಿಸಿ, ಮತ್ತೆ ತುಂಬುವುದರಿಂದ ಒಡೆಯುವ, ಕಳೆಯುವ ಸಂಭವ ಹೆಚ್ಚು.

ಕಾಗದಪತ್ರಗಳಲ್ಲಿ ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್, ವಿಮಾಪತ್ರ ಇವು ಮುಖ್ಯ. ತುಂಬಿದ ಕಂಟೇನರಿನ ತೂಕವನ್ನು ಪ್ರಮಾಣೀಕರಿಸುವುದು 2016ರ ಜುಲೈ 1ರಿಂದ ಅಂತಾರಾಷ್ಟ್ರೀಯ ನಿಯಮದಂತೆ ಕಡ್ಡಾಯವಾಗಿದೆ. ಹೆಸರು, ತೂಕ, ಪೆಟ್ಟಿಗೆಗಳ ಎಣಿಕೆ ಎಲ್ಲ ಪತ್ರಗಳಲ್ಲೂ ಒಂದೇ ಆಗಿರಬೇಕು. ಒಪ್ಪಂದದ ಒಂದು ಪದವೂ ಮಹತ್ವದ್ದು. 'ಸಿ.ಐ.ಎಫ್. ಸುವಾ' ಎಂದಿದ್ದರೆ ಮಾರುವವನು ಭರಿಸುವ ಬಾಡಿಗೆಯೂ ವಿಮೆಯೂ ಸುವಾಕ್ಕೇ ಮುಗಿಯುತ್ತವೆ. ಅತಿ ಕಠಿನವಾದ ಕೊನೆಯ ಸಾವಿರ ಕಿಲೋಮೀಟರ್ ಕೊಳ್ಳುವವನ ತಲೆಯ ಮೇಲೆ ಬೀಳುತ್ತದೆ.

ದ್ವೀಪಗಳು ಹುಳುಹುಪ್ಪಟೆಗಳಿಗೆ ಅಂಜುವುದಕ್ಕೂ ಕಾರಣವಿದೆ. 1909ರಲ್ಲಿ ಸಿಲೋನಿನಿಂದ ಸಮೋವಾಕ್ಕೆ ತಂದ ರಬ್ಬರ್ ಸಸಿಗಳೊಡನೆ ತೆಂಗಿನ ಸುಳಿ ಕೊರೆಯುವ ದುಂಬಿ ಶಾಂತಸಾಗರದ ದ್ವೀಪಗಳನ್ನು ಹೊಕ್ಕಿತು. ನಮ್ಮ ಕರಾವಳಿಯ ತೆಂಗುಬೆಳೆಗಾರರಿಗೂ ಈ ಶತ್ರುವಿನ ಪರಿಚಯ ಚೆನ್ನಾಗಿಯೇ ಇದೆ. ಆದಕಾರಣ ಮರದ ಪೆಟ್ಟಿಗೆ, ಪ್ಯಾಲೆಟ್ಟುಗಳನ್ನು ಧೂಮೋಪಚಾರಕ್ಕೆ ಒಳಪಡಿಸಬೇಕು. ಇಲ್ಲವೇ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಇರುವಂತೆ ಕಾಯಿಸಿ, ಅದರ ಮುದ್ರೆ ಒತ್ತಿಸಬೇಕು.

ಬಾಡಿಗೆ ಇಷ್ಟೇಕೆ ದುಬಾರಿ ಎಂದು ಕೇಳಬಹುದು. ತುವಾಲುವಿನಿಂದ ಹೊರಹೋಗುವ ಸರಕು ಅತ್ಯಲ್ಪ. ಕಂಟೇನರುಗಳು ಬಹುತೇಕ ಬರಿದಾಗಿಯೇ ಹಿಂದಿರುಗುತ್ತವೆ. ಹೀಗಾಗಿ ಹೋಗುವ ಸರಕೇ ಎರಡೂ ದಾರಿಯ ವೆಚ್ಚವನ್ನು ಹೊರಬೇಕು. ಇಂಥ ಸಣ್ಣ ಬಂದರುಗಳಿಗೆ ತನ್ನದೇ ಕ್ರೇನು ಹೊತ್ತ ಹಡಗೂ ಬೇಕು. ಹೊರದ್ವೀಪಗಳಲ್ಲಂತೂ ಹವಳದ ದಿಬ್ಬಗಳನ್ನು ದಾಟಿಸಲು ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಬೇಕಾಗುತ್ತದೆ. ಆದುದರಿಂದ ಪ್ರತಿ ಪೆಟ್ಟಿಗೆಯೂ ಜನರು ಎತ್ತಬಲ್ಲಷ್ಟು ಹಗುರವಾಗಿ, ಉಪ್ಪುನೀರು ತಾಗದಂತೆ ಕಟ್ಟಿರುವುದು ಲೇಸು. ವಿಮಾನವುಂಟು, ನಿಜ, ಆದರೆ ಅದರಲ್ಲಿ ಜಾಗ ಕಡಿಮೆ. ಔಷಧಿ, ತುರ್ತು ಬಿಡಿಭಾಗಗಳಿಗಷ್ಟೇ ಅದು ತಕ್ಕುದು.

ಇಂಥ ಸಾಗಣೆಯಲ್ಲಿ ಮರೆತ ವಸ್ತುವಿನ ಬೆಲೆ ಅದರ ಮಾರುಕಟ್ಟೆಯ ಬೆಲೆಯಲ್ಲ. ನೀರಿನ ಪಂಪಿನೊಡನೆ ಹೋಗಬೇಕಾದ ಹತ್ತು ರೂಪಾಯಿಯ ವಾಷರು ಉಳಿದುಹೋದರೆ ಮುಂದಿನ ಹಡಗು ಬರುವವರೆಗೆ ಪಂಪು ನಿಂತೇ ಇರುತ್ತದೆ. ಅದನ್ನು ನಂಬಿದ ಮನೆಗಳ ಕೊಡಗಳೂ ಬರಿದಾಗಿರುತ್ತವೆ. ಯಂತ್ರದ ಜೊತೆಯಲ್ಲೇ ಅದರ ಬಿಡಿಭಾಗ, ಸಲಕರಣೆ, ಬಳಕೆಯ ವಿವರಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಪಟ್ಟಿಯನ್ನು ಇನ್ನೊಬ್ಬರಿಂದ ತಾಳೆ ನೋಡಿಸಿ ಮುಚ್ಚುವುದೇ ದೂರದ ದ್ವೀಪಕ್ಕೆ ಸರಕು ಕಳುಹಿಸುವವರು ಪಾಲಿಸಬೇಕಾದ ಮೊದಲ ನಿಯಮ.