ಮಾಳಿಗೆಯ ಮಣ್ಣು: ತಂಪೂ ಅದೇ, ಭಾರವೂ ಅದೇ

ಗುರುಗಳೇ, ಅಕ್ಕೋರೇ, ಬಲ ಮತ್ತು ದ್ರವ್ಯರಾಶಿಯ ಪಾಠಕ್ಕೆ ಉದಾಹರಣೆ ಹುಡುಕುತ್ತಿದ್ದೀರೇನ್ರಿ? ಅಕ್ಕಲಕೋಟೆಯಂಥ ನಮ್ಮ ಊರುಗಳ ಹಳೇ ಗಲ್ಲಿಗಳಲ್ಲಿ ಅದು ನಿಂತೇ ಇದೆ: ಮಾಳಿಗೆ ಮನೆ.

ಕರಿಗಲ್ಲು-ಮಣ್ಣಿನ ಎರಡಡಿ ದಪ್ಪದ ಗೋಡೆ, ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಹೊದಿಕೆ, ನಡುವೆ ಬೆಳಕಿಂಡಿ. ಬ್ಯಾಸಿಗ್ಯಾಗ ಒಳಗೆ ಕಾಲಿಟ್ಟರೆ "ಎಷ್ಟು ತಂಪೈತಿ!" ಅಂತೀವಿ. ಕಾರಣ ಸರಳ. ಅಷ್ಟು ಕಲ್ಲು, ಮಣ್ಣು ಕಾಯಲು ಬಹಳ ಹೊತ್ತು ಬೇಕು. ಹಗಲಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ.

ಈಗ ಇನ್ನೊಂದು ಲೆಕ್ಕ. ಮಳೆಗಾಲಕ್ಕೆ ಮುಂಚೆ ಸೋರದಂತೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ತೆಗೆಯುವುದು ಕಡಿಮೆ. ಪದರು 30 ಸೆಂ.ಮೀ. ಆಯಿತೆನ್ನಿ. ಒಂದು ಘನ ಮೀಟರ್ ಮಣ್ಣಿಗೆ 1,600 ಕಿಲೋ ಹಿಡಿದರೆ, 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯ ಮೇಲೆ 5,760 ಕಿಲೋ!

ನೆಲ ನಡುಗಿದಾಗ ಏನಾಗುತ್ತದೆ? ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಮಾಳಿಗೆ ಭಾರವಾದಷ್ಟೂ ಗೋಡೆಯನ್ನು ಅಡ್ಡಕ್ಕೆ ತಳ್ಳುವ ಬಲ ಹೆಚ್ಚು. ಅಕ್ಕಲಕೋಟೆಯಿಂದ ನೇರವಾಗಿ ಸುಮಾರು 70 ಕಿ.ಮೀ. ದೂರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದದ್ದು ಇದೇ. ಆ ಭೂಕಂಪದಲ್ಲಿ 7,500ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ಮಲಗಿದ್ದು ಇಂಥ ಮನೆಗಳಲ್ಲೇ.

ಗೋಡೆಯ ದೋಷವೂ ಇತ್ತು. ಹೊರಗೊಂದು, ಒಳಗೊಂದು ಕಲ್ಲಿನ ಸಾಲು. ನಡುವೆ ಚೂರುಗಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಗಲ್ಲು ಇಲ್ಲದಿದ್ದರೆ ನಡುಕಕ್ಕೆ ಸಾಲುಗಳು ಬೇರೆಯಾಗಿ ಉದುರುತ್ತವೆ. ಕೆಲವೆಡೆ ಗೋಡೆ ಬಿದ್ದರೂ ಮಾಳಿಗೆ ಹೊತ್ತ ಮರದ ಕಂಬ-ತೊಲೆ ನಿಂತಿದ್ದವು.

ಹಾಗಂತ ಹಳೇ ಮನೆ ಕೆಡವಬೇಕಾಗಿಲ್ರಿ. ತಿಳಿದವರ ಕೈಯಲ್ಲಿ ಹೆಚ್ಚಿನ ಮಣ್ಣು ಇಳಿಸಿ, ಅಡಿಗೆ ನೀರು ತಡೆಯುವ ಹಾಳೆ ಹಾಸಬಹುದು. ಗೋಡೆಗೆ ಆರಪಾರ ಉದ್ದಗಲ್ಲು ಕೂಡಿಸಬಹುದು: ಎತ್ತರದಲ್ಲಿ 60 ಸೆಂ.ಮೀ.ಗೊಂದು, ಅಡ್ಡಕ್ಕೆ 1.2 ಮೀಟರಿಗೊಂದು. ತಂಪೂ ಉಳಿಯುತ್ತದೆ, ಜೀವವೂ.

ಮಕ್ಕಳಿಗೆ ಎರಡು ಕೆಲಸ ಕೊಡಿ. ಮಧ್ಯಾಹ್ನ ಮಾಳಿಗೆ ಮನೆಯಲ್ಲೂ ಪತ್ರಾಸಿನ ಮನೆಯಲ್ಲೂ ಉಷ್ಣತೆ ಅಳೆಯಲಿ. ಅಜ್ಜಿಯನ್ನು ಕೇಳಿ ಮಾಳಿಗೆಯ ಮಣ್ಣೆಷ್ಟು ದಪ್ಪವೆಂದು ಬರೆದು, ಭಾರ ಲೆಕ್ಕ ಹಾಕಲಿ. ಮೇಲೆ ಹತ್ತುವುದು ಬೇಡ. ಯಾವುದಾದರೂ ಗೋಡೆ ಹೊಟ್ಟೆ ಬಿಟ್ಟಿದ್ದು ಕಂಡರೆ, ಅಂದೇ ಮನೆಯವರಿಗೆ ಹೇಳಿ.